ಮುಚ್ಚಳದ ಸಾಹೇಬರೂ ಎರಡನೇ ಒಲೆಯೂ

ಬಡವರ ಅಡಿಗೆಮನೆಯಿಂದ ಹೊಗೆ ಓಡಿಸುತ್ತೇವೆ ಎಂದು ಸರ್ಕಾರ ಹೊರಟಿತು. ಓಡಿಸುವ ಮೊದಲ ಹೆಜ್ಜೆಯಲ್ಲೇ ನಮ್ಮ ಪಕ್ಕದ ಮನೆಯಲ್ಲಿ ಹೊಗೆ ಎರಡರಷ್ಟಾಯಿತು.

ಪಕ್ಕದ ಮನೆ ಎಂದರೆ ಒಂದು ಕೋಣೆ. ಹಿಂದೆ ತಗಡು ಇಳಿಸಿದ ಒಂದು ಮೂಲೆ, ಅದು ಅಡಿಗೆಮನೆ. ಇದರಲ್ಲಿ ಎಂಟು ಬಾಯಿ. ಅತ್ತೆ ಒಬ್ಬಳು. ಇಬ್ಬರು ಗಂಡುಮಕ್ಕಳು, ದೊಡ್ಡವನು ಲಾರಿಗೆ ಮೂಟೆ ಹೇರುತ್ತಾನೆ, ಚಿಕ್ಕವನು ಯಾರದೋ ಗೇಟು ಕಾಯುತ್ತಾನೆ. ಇಬ್ಬರು ಸೊಸೆಯರು. ಮೂರು ಮಕ್ಕಳು, ಯಾವ ಮಗು ಯಾರದು ಎಂದು ಹೊಡೆತ ಬೀಳುವಾಗಲೂ ಗೊತ್ತಾಗುವುದಿಲ್ಲ, ಯಾರ ಕೈಗೆ ಯಾರು ಹತ್ತಿರವೋ ಅವರಿಗೆ ಬೀಳುತ್ತದೆ.

ಸೊಸೆಯರಿಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ತಾರಸಿ ಹಾಕುವ ದಿನ ಹೆಂಗಸರೆಲ್ಲ ಕೆಳಗಿನಿಂದ ಮೇಲಿನವರೆಗೆ ಸಾಲಾಗಿ ನಿಲ್ಲಬೇಕು. ಕಾಂಕ್ರೀಟು ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಏರುತ್ತದೆ. ಕೊಡುವವಳು "ಹಿಡಿ" ಅನ್ನುತ್ತಾಳೆ. ತಗೊಳ್ಳುವವಳು "ಹ್ಞೂ" ಅನ್ನುತ್ತಾಳೆ. ಹ್ಞೂ ಕೇಳಿದ ಮೇಲೆಯೇ ಕೈ ಬಿಡುವುದು. ಮುಖ ನೋಡುವುದಕ್ಕೆ ಪುರುಸೊತ್ತಿಲ್ಲ. ಈ ಇಬ್ಬರೂ ಯಾವಾಗಲೂ ಒಬ್ಬರ ಪಕ್ಕ ಒಬ್ಬರು ನಿಲ್ಲುತ್ತಾರೆ. ವರ್ಷಗಟ್ಟಲೆ ನಿಂತು ನಿಂತು ನಾಲ್ಕು ಕೈ ಸೇರಿ ಒಂದೇ ಯಂತ್ರವಾಗಿದೆ. ಆ ಯಂತ್ರಕ್ಕೆ ಎಣ್ಣೆ ಹಾಕುವವರು ಯಾರೂ ಇಲ್ಲ, ಅದಕ್ಕೆ ರಾತ್ರಿ ಭುಜ ಕಿರುಗುಟ್ಟುತ್ತದೆ.

ಮನೆಗೆ ಒಂದು ಸಬ್ಸಿಡಿ ಸಿಲಿಂಡರ್ ಇತ್ತು, ದೊಡ್ಡಸೊಸೆಯ ಹೆಸರಿನಲ್ಲಿ. ಸರ್ಕಾರದ ಲೆಕ್ಕದಲ್ಲಿ ಬಡವರ ಕುಟುಂಬ ಎಂದರೆ ಗಂಡ, ಹೆಂಡತಿ, ಒಂದೆರಡು ಮಕ್ಕಳು, ಎಲ್ಲರಿಗೂ ಹಸಿವು ಕಮ್ಮಿ. ಎಂಟು ಬಾಯಿಗೆ ಅದು ತಿಂಗಳ ನಡುವಿನಲ್ಲೇ ಉಸಿರು ನಿಲ್ಲಿಸುತ್ತಿತ್ತು. ಆಮೇಲೆ ಸೌದೆ. ಸೌದೆ ಎಂದರೆ ಕಟ್ಟಡದಲ್ಲಿ ಮುರಿದು ಬಿಸಾಕಿದ, ತಾರಸಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಹಲಗೆ. ಕಾಂಕ್ರೀಟು ಅಂಟಬಾರದೆಂದು ಅದಕ್ಕೆ ಸುಟ್ಟ ಎಣ್ಣೆ ಬಳಿದಿರುತ್ತಾರೆ. ಅದು ಉರಿಯುವುದಿಲ್ಲ, ಬೈಯುತ್ತದೆ. ಕಪ್ಪು ಹೊಗೆ ತಗಡಿಗೆ ಬಡಿದು, ದಾರಿ ಸಿಗದೆ, ಅತ್ತೆಯ ಎದೆಯೊಳಗೆ ಹೋಗಿ ಕೂರುತ್ತದೆ. ಅವಳು ಕೆಮ್ಮಲು ಶುರು ಮಾಡಿದರೆ ನಮ್ಮ ಕಡೆಯ ಗೋಡೆಯ ಮೇಲಿನ ಕನ್ನಡಿ ಅಲ್ಲಾಡುತ್ತದೆ.

ಸಿಲಿಂಡರ್ ಹೊತ್ತು ತರುವವನು ಒಂದು ದಿನ ಹೇಳಿದ. "ನೀವಿಬ್ಬರೂ ಬೇರೆ ಬೇರೆ ಕುಟುಂಬ ಅಂತ ಬರೆಸ್ಕೊಳ್ಳಿ. ಚಿಕ್ಕಮ್ಮನ ಹೆಸರಿಗೆ ಇನ್ನೊಂದು ಬರುತ್ತೆ. ಯಾಕೆ ಸುಮ್ಮನೆ ಈ ಅಜ್ಜೀನ ಹೊಗೆಸೊಪ್ಪು ಮಾಡ್ತೀರಿ?"

ಚಿಕ್ಕಸೊಸೆ ಅರ್ಜಿ ಕೊಟ್ಟಳು. ತನಿಖೆಗೆ ಸಾಹೇಬರು ಬಂದರು.

ಈ ಸಾಹೇಬರಿಗೆ ಒಂದು ಅಭ್ಯಾಸ. ಯಾರ ಮನೆಗೆ ಹೋದರೂ ಮೊದಲು ನಮಸ್ಕಾರವಿಲ್ಲ, ನೇರವಾಗಿ ಒಲೆಯ ಹತ್ತಿರ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆ. ಏನು ಬೆಂದಿದೆ, ಎಷ್ಟು ಬೆಂದಿದೆ, ಯಾರಿಗೆ ಬೆಂದಿದೆ. ಬೇಕಾದರೆ ಬೆರಳು ಅದ್ದಿ ನೆಕ್ಕುತ್ತಾರೆ. ಬಡವರ ಮನೆಯಲ್ಲಿ ಮುಚ್ಚಿಡುವುದಕ್ಕೆ ಇರುವುದೇ ಪಾತ್ರೆ ಒಂದು, ಅದನ್ನೂ ತೆಗೆದರೆ ಏನು ಉಳಿಯಿತು? ಅದಕ್ಕೇ ನಮ್ಮ ಮನೆಗಳ ಸಾಲಿನಲ್ಲಿ ಅವರಿಗೆ ಮುಚ್ಚಳದ ಸಾಹೇಬರು ಎಂದು ಹೆಸರು.

ಅವತ್ತೂ ಮುಚ್ಚಳ ತೆಗೆದರು. ಕನ್ನಡಕಕ್ಕೆ ಆವಿ ಹೊಡೆಯಿತು. ಒರೆಸಿಕೊಂಡು ಕೇಳಿದರು. "ಎರಡನೇ ಒಲೆ ಎಲ್ಲಿ?"

"ಅದನ್ನೇ ಕೇಳಿರೋದು ಸಾಹೇಬ್ರೇ," ಎಂದಳು ಚಿಕ್ಕಸೊಸೆ.

"ಅದಲ್ಲಮ್ಮ. ಒಂದು ಒಲೆ ಅಂದ್ರೆ ಒಂದು ಕುಟುಂಬ. ಅದು ನಿಯಮ. ನಿನಗೆ ಬೇರೆ ಒಲೆ ಇದ್ರೆ ನೀನು ಬೇರೆ ಕುಟುಂಬ. ಬೇರೆ ಕುಟುಂಬ ಆದ್ರೆ ಬೇರೆ ಒಲೆ ಕೊಡ್ತೀವಿ."

"ಒಲೆ ಇದ್ದೋರಿಗೆ ಒಲೆ ಕೊಡ್ತೀರಾ?"

"ಸೌದೆ ಒಲೆ ಇದ್ದೋರಿಗೆ ಗ್ಯಾಸ್ ಒಲೆ."

"ಅಂದ್ರೆ ಹೊಗೆ ಬೇಡ ಅಂದ್ರೆ ಮೊದಲು ಇನ್ನೊಂದು ಹೊಗೆ ಹಾಕಬೇಕು."

"ಈಗ ಅರ್ಥ ಆಯ್ತು ನೋಡು," ಎಂದು ಸಾಹೇಬರು ಸಂತೋಷಪಟ್ಟರು. ಅವರಿಗೆ ವ್ಯಂಗ್ಯ ಕಿವಿಯ ಪಕ್ಕದಲ್ಲಿ ಹಾದುಹೋಗುತ್ತದೆ, ಸ್ಟಾಪಿನಲ್ಲಿ ನಿಲ್ಲದ ಬಸ್ಸಿನ ಹಾಗೆ. "ಇನ್ನೊಂದು. ಯಾಕೆ ಬೇರೆ ಆದ್ರಿ?"

ಸೊಸೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕಾರಣ ಬೇಕಮ್ಮ. ಜಗಳ ಆಗಿರಬೇಕು. ಸುಮ್ಮನೆ ಯಾರಾದರೂ ಬೇರೆ ಆಗ್ತಾರಾ? ಎರಡು ಜಡೆ ಒಂದು ಕಡೆ ಸೇರಲ್ಲ ಅನ್ನೋದು ಲೋಕಕ್ಕೆಲ್ಲ ಗೊತ್ತು. ನಿಮ್ಮ ಜಡೆ ಸೇರಿಬಿಟ್ರೆ ಅದು ಅನುಮಾನದ ವಿಷಯ."

ದೊಡ್ಡಸೊಸೆ ತಲೆ ಮುಟ್ಟಿಕೊಂಡಳು. ಬಾಂಡ್ಲಿ ಹೊತ್ತು ಹೊತ್ತು ನಡುನೆತ್ತಿಯ ಕೂದಲು ಉದುರಿ ಜಡೆ ಇಲಿಬಾಲವಾಗಿದೆ. ಚಿಕ್ಕವಳದೂ ಅದೇ ದಾರಿಯಲ್ಲಿದೆ. "ಇಬ್ಬರದೂ ಸೇರಿದ್ರೂ ಒಂದು ಜಡೆ ಆಗಲ್ಲ ಸಾಹೇಬ್ರೇ," ಎಂದಳು.

ಸಾಹೇಬರು ಅತ್ತೆಯ ಕಡೆ ತಿರುಗಿದರು. "ಇವರು ಯಾವ ಒಲೇಲಿ ಉಣ್ತಾರೆ?"

"ಯಾವುದು ಮೊದಲು ಬೇಯುತ್ತೋ ಅದರಲ್ಲಿ," ಎಂದಳು ಅತ್ತೆ.

"ಹಾಗಾಗಲ್ಲ. ಒಂದು ಕಡೆ ಹಾಕಬೇಕು ನಿಮ್ಮನ್ನ."

"ನಾನೇನು ಕೊಡವೇನಪ್ಪ, ಈ ಕಡೆ ಇಡು ಆ ಕಡೆ ಇಡು ಅನ್ನೋಕೆ?"

ಸಾಹೇಬರು ಗಡುವು ಕೊಟ್ಟು ಹೊರಟರು. ಒಲೆ ಬೇರೆ ಆಗಬೇಕು. ನಡುವೆ ಅಡ್ಡ ಇರಬೇಕು. ಜಗಳ ಇರಬೇಕು, ಅದನ್ನು ಕಂಡವರು ಇರಬೇಕು. ಮುದುಕಿ ಒಂದು ಕಡೆ ಸೇರಿರಬೇಕು.

ಮಾರನೆಯ ದಿನ ಎರಡನೇ ಒಲೆ ಎದ್ದಿತು. ಇಡೀ ದಿನ ಯಾರದೋ ಮೂರು ಅಂತಸ್ತಿನ ಮನೆಗೆ ಇಟ್ಟಿಗೆ ಹೊತ್ತು ಬಂದವರು, ಸಂಜೆ ತಮ್ಮ ಮನೆಯ ತಗಡಿನ ಕೆಳಗೆ ಆರು ಇಟ್ಟಿಗೆ ಜೋಡಿಸಿದರು. ಖಾಲಿ ಸಿಮೆಂಟ್ ಚೀಲ ಹೊಲಿದು ನಡುವೆ ಇಳಿಬಿಟ್ಟರು. ಮೊದಲೇ ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕಾದ ಜಾಗ. ಈಗ ಅದರಲ್ಲಿ ಎರಡು ಒಲೆ, ಒಂದು ಗಡಿ. ಎರಡು ದೇಶಗಳಿಗೆ ಹವಾಮಾನ ಮಾತ್ರ ಒಂದೇ. ಅತ್ತೆ ಗಡಿಯ ಮೇಲೆ ಕೂತು ಎರಡೂ ಕಡೆಯಿಂದ ಕೆಮ್ಮಿದಳು.

ಉಳಿದದ್ದು ಜಗಳ. ಅದು ಇಬ್ಬರಿಗೂ ಬರುತ್ತಿರಲಿಲ್ಲ.

ಕಲಿಸುವುದಕ್ಕೆ ನಲ್ಲಿಯಕ್ಕ ಬಂದಳು. ಬೀದಿ ನಲ್ಲಿಯ ಹತ್ತಿರ ಅವಳು ಬಾಯಿ ತೆರೆದರೆ ನೀರೇ ನಾಚಿ ನಿಲ್ಲುತ್ತದೆ ಎಂದು ಪ್ರತೀತಿ. ಕೂಲಿ ಕೇಳಲಿಲ್ಲ. ಕಲೆ ಉಳಿಯಬೇಕು ಎಂದಳು.

"ಹ್ಞಾ, ಬೈಯಿ ನೋಡೋಣ," ಎಂದಳು ಚಿಕ್ಕಸೊಸೆಗೆ.

ಚಿಕ್ಕಸೊಸೆ ಬಹಳ ಹೊತ್ತು ಯೋಚಿಸಿದಳು. "ಅಕ್ಕಾ, ನೀನು ಸ್ವಲ್ಪ ಕೆಟ್ಟೋಳು ಅಂತ ಕೆಲವರು ಹೇಳ್ತಾರೆ."

"ಇದು ಬೈಯೋದಾ, ಚಾಡಿ ಹೇಳೋದಾ?" ನಲ್ಲಿಯಕ್ಕ ಸೆರಗು ಬಿಗಿದಳು. "ಮೊದಲು ಆ ಅಕ್ಕ ಬಿಡು. ಜಗಳದಲ್ಲಿ ಅಕ್ಕ ಅಂದ್ರೆ ಅರ್ಧ ರಾಜಿ ಆದ ಹಾಗೆ."

"ಅಕ್ಕ ಅನ್ನದೆ ಬೈದ್ರೆ ಬೇಜಾರು ಮಾಡ್ಕೋತಾಳೆ."

"ಬೇಜಾರು ಮಾಡ್ಕೊಳ್ಳಲಿ ಅಂತಲೇ ಕಣೇ ಬೈಯೋದು."

ದೊಡ್ಡಸೊಸೆ ಬಿದ್ದು ಬಿದ್ದು ನಕ್ಕಳು. ನಲ್ಲಿಯಕ್ಕ ಅವಳಿಗೂ ಗದರಿದಳು. "ನಗ್ತೀಯಲ್ಲ, ಗ್ಯಾಸು ಬೇಕೋ ಬೇಡವೋ? ತವರಿಗೆ ಹೋಗು ಮೊದಲು. ಅಂದ್ರೆ ಬಾಯಲ್ಲಿ ಹೋಗು. ಅವಳ ತವರನ್ನ ಅನ್ನು. ಹೆಣ್ಣಿಗೆ ತವರು ಅಂದ್ರೆ ಸೌದೆ ಇಲ್ಲದೆ ಹತ್ತುತ್ತೆ."

ಹತ್ತಿತು. ದಿನಾ ಸಂಜೆ ಅಭ್ಯಾಸ. ನಮ್ಮ ಸಾಲಿನವರು ಬಾಗಿಲಲ್ಲಿ ಕೂತು ತಪ್ಪು ತಿದ್ದುತ್ತಿದ್ದೆವು. ಗಂಡಂದಿರು ಮಾತ್ರ ಹೆದರಿದರು. ಗೇಟು ಕಾಯುವವನು ಒಂದು ದಿನ ನನ್ನನ್ನು ಮೂಲೆಗೆ ಕರೆದು ಕೇಳಿದ. "ಇದನ್ನ ಕಲಿತುಬಿಟ್ರೆ ಆಮೇಲೆ ಮರೀತಾರಾ?" ಗೊತ್ತಿಲ್ಲ ಎಂದೆ.

ರುಚಿಯ ವಿಷಯವೂ ಇತ್ತು. ಸಾಹೇಬರು ಎರಡೂ ಪಾತ್ರೆಗೆ ಬೆರಳು ಅದ್ದುವುದು ಖಚಿತ. ಎರಡೂ ಕಡೆ ಒಂದೇ ಕೈಯ ಬೇಳೆ ಇದ್ದರೆ ಸಿಕ್ಕಿಬೀಳುತ್ತಾರೆ. ಅದಕ್ಕೆ ಒಂದು ಪಾತ್ರೆಗೆ ಉಪ್ಪು ಜಾಸ್ತಿ ಎಂದು ತೀರ್ಮಾನವಾಯಿತು. ಆದರೆ ಬೇಳೆ ಚೆಲ್ಲುವ ಹಾಗಿಲ್ಲ. ತಿನ್ನಬೇಕು. ಉಪ್ಪಿನ ಬೇಳೆಯನ್ನು ಯಾರು ತಿನ್ನುವುದು ಎಂದು ಆ ಮನೆಯಲ್ಲಿ ಮೊದಲ ಸಲ ನಿಜವಾದ ಜಗಳ ನಡೆಯಿತು. ಇಬ್ಬರೂ ನನಗಿರಲಿ ನನಗಿರಲಿ ಎಂದು ಪಾತ್ರೆ ಎಳೆದಾಡಿದರು. ನಲ್ಲಿಯಕ್ಕ ತಲೆ ಚಚ್ಚಿಕೊಂಡು ಎದ್ದುಹೋದಳು.

ಸಾಹೇಬರು ಎರಡನೇ ಸಲ ಬಂದದ್ದು ಅಡಿಗೆಯ ಹೊತ್ತಿಗೆ. ಎರಡೂ ಒಲೆ ಉರಿಯುತ್ತಿದ್ದವು, ಎಂದರೆ ಎರಡೂ ಹೊಗೆಯುತ್ತಿದ್ದವು. ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಗ್ಗಿದರು. ಈ ಮುಚ್ಚಳ ತೆಗೆದು ನೆಕ್ಕಿದರು. ಆ ಮುಚ್ಚಳ ತೆಗೆದು ನೆಕ್ಕಿ, ಮುಖ ಹುಳ್ಳಗೆ ಮಾಡಿ, ನೀರು ಕೇಳಿದರು. ಬೇರೆ ಕೈ ಎಂದು ಒಪ್ಪಿದರು.

ಆಗ ಜಗಳ ಶುರುವಾಯಿತು. ಮುಂಚೆ ಹೇಳಿಟ್ಟಂತೆ, ತಾನಾಗಿಯೇ ಹತ್ತಿಕೊಂಡಂತೆ.

"ಹೊಗೆ ಈ ಕಡೆ ಬಿಡ್ತೀಯಲ್ಲ, ನಿನ್ನ ತವರಲ್ಲಿ ಕಿಟಕಿ ಅನ್ನೋದೇ ನೋಡಿಲ್ವಾ?" ಎಂದಳು ದೊಡ್ಡಸೊಸೆ.

"ನಿನ್ನ ತವರಲ್ಲಿ ಕಿಟಕಿ ಮಾತ್ರ ಇತ್ತು, ಮನೆ ಇರಲಿಲ್ಲ," ಎಂದಳು ಚಿಕ್ಕಸೊಸೆ ಚೀಲದ ಆ ಕಡೆಯಿಂದ.

"ಉಪ್ಪು ಕೇಳಿದ್ರೆ ಬಾಗಿಲು ಹಾಕ್ಕೊಳ್ಳೋ ಜಾತಕದವಳು."

"ಕೊಟ್ರೆ ಡಬ್ಬಿ ಸಮೇತ ನುಂಗೋ ಹೊಟ್ಟೆಯವಳು."

ಅದ್ಭುತವಾಗಿತ್ತು. ನಲ್ಲಿಯಕ್ಕನ ಕಣ್ಣಲ್ಲಿ ನೀರು. ಹೊಗೆಗೋ ಹೆಮ್ಮೆಗೋ ತಿಳಿಯದು. ಸಾಹೇಬರು ತಲೆದೂಗುತ್ತ ಬರೆದುಕೊಂಡರು. ಅತ್ತೆ ನಡುವೆ ಕೂತು, ಅಯ್ಯೋ ನನ್ನ ಕರ್ಮ ಎಂದು ಒಪ್ಪಿಸಬೇಕಾದ್ದನ್ನು ಒಪ್ಪಿಸಿದಳು.

ಅಷ್ಟರಲ್ಲಿ ದೊಡ್ಡಸೊಸೆಯ ಬೇಳೆ ಉಕ್ಕಿತು.

ಉಕ್ಕಿದ ಪಾತ್ರೆ ಇಳಿಸಬೇಕು. ಇಳಿಸುವುದಕ್ಕೆ ಬಟ್ಟೆ ಬೇಕು. ಅವಳು ಬೈಗುಳ ನಿಲ್ಲಿಸಲಿಲ್ಲ. "ನಿನ್ನ ಮುಖ ನೋಡಿದ್ರೆ ಹಾಲು ಒಡೆಯುತ್ತೆ," ಎನ್ನುತ್ತಲೇ ಬಲಗೈಯನ್ನು ಹಿಂದಕ್ಕೆ ಚಾಚಿದಳು, ನೋಡದೆ. ಚೀಲದ ಸಂದಿನಿಂದ ಇನ್ನೊಂದು ಕೈ ಬಂದು ಮಸಿಬಟ್ಟೆ ಇಟ್ಟಿತು.

"ಹಿಡಿ," ಎಂದಳು ಚಿಕ್ಕಸೊಸೆ.

"ಹ್ಞೂ," ಎಂದಳು ದೊಡ್ಡಸೊಸೆ.

ಪಾತ್ರೆ ಇಳಿಯಿತು. ಬಟ್ಟೆ ಹಿಂದಕ್ಕೆ ಹೋಯಿತು. ಕೈ ಅದನ್ನು ತಗೊಂಡಿತು. "ನಿನ್ನ ಮುಖ ನೋಡೋದಕ್ಕಿಂತ ಗೋಡೆ ನೋಡೋದು ವಾಸಿ," ಎಂದು ಚಿಕ್ಕಸೊಸೆ ಮುಂದುವರಿಸಿದಳು. ಏನಾಯಿತು ಎಂದು ಇಬ್ಬರಿಗೂ ಗೊತ್ತೇ ಆಗಲಿಲ್ಲ. ಬಾಗಿಲಲ್ಲಿದ್ದ ನಮಗೆಲ್ಲ ಗೊತ್ತಾಯಿತು. ಸಾಹೇಬರ ಪೆನ್ನು ನಿಂತಿತು.

"ಬಟ್ಟೆ ಹೇಗೆ ಬಂತು?"

"ಯಾವ ಬಟ್ಟೆ?" ಎಂದಳು ದೊಡ್ಡಸೊಸೆ.

"ನೀನು ಕೇಳಲೇ ಇಲ್ಲ. ಅವಳು ಕೊಟ್ಟಳು."

"ಕೈ ಚಾಚಿದ್ಲಲ್ಲ," ಎಂದಳು ಚಿಕ್ಕಸೊಸೆ.

"ನಡುವೆ ಚೀಲ ಇದೆ. ಕೈ ನಿನಗೆ ಕಾಣಲ್ಲ."

"ಕಾಣಲ್ಲ. ಚಾಚಿರ್ತಾಳೆ ಅಂತ ಗೊತ್ತು."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಅವರು ಮುಚ್ಚಳ ಹಾಕಿದ್ದನ್ನು ನಾವು ನೋಡಿದ್ದು ಅದೇ ಮೊದಲು. "ಇದು ಸರ್ಕಾರಕ್ಕೆ ಮೋಸ," ಎಂದರು. ನಿಜವಾಗಿಯೂ ನೊಂದಿದ್ದರು. "ಒಳಗೊಳಗೆ ಚೆನ್ನಾಗಿದ್ದುಕೊಂಡು ಹೊರಗೆ ಜಗಳ ತೋರಿಸ್ತೀರಾ? ನಾನು ಎಷ್ಟು ಮನೆ ನೋಡಿದೀನಿ. ಹೊರಗೆ ಚೆನ್ನಾಗಿದ್ದು ಒಳಗೆ ಜಗಳ ಆಡ್ತಾರೆ, ಅದು ಮರ್ಯಾದಸ್ತರ ಲಕ್ಷಣ. ಇದೆಂಥದು?"

ಅತ್ತೆ ಕೈ ಮುಗಿದಳು. ಬಹಳ ಹೊತ್ತು ಮುಗಿದಳು. ಕೊನೆಗೆ ಸಾಹೇಬರು ಕರಗಿದರು. ಇನ್ನೊಂದು ಅವಕಾಶ, ಇನ್ನೊಂದು ಗಡುವು ಎಂದರು. ಇವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಬಾರದು. ಮನೆಯಲ್ಲಿ, ಬೀದಿಯಲ್ಲಿ, ಕೆಲಸದಲ್ಲಿ ಎಲ್ಲೂ. "ನಾನು ಸೈಟಲ್ಲೂ ವಿಚಾರಿಸ್ತೀನಿ. ಒಂದು ಮಾತು ಆಡಿದ್ದು ಗೊತ್ತಾದ್ರೆ ಇರೋ ಸಿಲಿಂಡರೂ ವಾಪಸ್."

ಸೊಸೆಯರು ಮಾತು ಬಿಟ್ಟರು.

ಇಲ್ಲಿಯವರೆಗೆ ನಗುತ್ತಿದ್ದ ನಾವು ಮೊದಲು ನಗುವುದನ್ನು ಮುಂದುವರಿಸಿದೆವು. ದೊಡ್ಡಸೊಸೆ ಮಗುವಿಗೆ ಹೇಳುವಳು, "ನಿನ್ನ ಚಿಕ್ಕಮ್ಮಂಗೆ ಹೇಳು, ಸೆರಗು ಒಲೆ ಹತ್ತಿರ ಹೋಗ್ತಿದೆ." ಮಗು ಚೀಲ ಎತ್ತಿ ಹೇಳುವಷ್ಟರಲ್ಲಿ ಸೆರಗಿಗೆ ಕಿಡಿ ಬಿದ್ದಿರುತ್ತಿತ್ತು. ಅಮ್ಮಂದಿರು ಯಾಕೆ ಮೂಕರಾದರು ಎಂದು ಮಕ್ಕಳಿಗೆ ತಿಳಿಯಲಿಲ್ಲ. ಅವೂ ಮಾತು ಕಮ್ಮಿ ಮಾಡಿದವು. ರಾತ್ರಿ ಆ ಕೋಣೆಯಿಂದ ಕೆಮ್ಮು ಒಂದೇ ಕೇಳಿಸುತ್ತಿತ್ತು. ಜಗಳದ ದಿನಗಳೇ ಚೆನ್ನಾಗಿದ್ದವು.

ಕಟ್ಟಡದಲ್ಲಿ ತಾರಸಿ ಹಾಕುವ ದಿನ ಬಂತು. ಮಿಕ್ಸರ್ ತಿರುಗುತ್ತಿತ್ತು. ಅದು ನಿಂತರೆ ಮಾಲು ಗಟ್ಟಿಯಾಗುತ್ತದೆ, ಅದಕ್ಕೆ ಸಾಲು ನಿಲ್ಲುವ ಹಾಗಿಲ್ಲ. ಮೇಸ್ತ್ರಿ ಇಬ್ಬರನ್ನೂ ಎಂದಿನ ಹಾಗೆ ಅಕ್ಕಪಕ್ಕ ನಿಲ್ಲಿಸಿದ. ಜಾಗ ಬದಲಿಸಿ ಎಂದು ಕೇಳಲು ಬಾಯಿ ಬರಲಿಲ್ಲ. ಬಿಸಿಲಿಗೆ ಕಬ್ಬಿಣ ಕಾದಿತ್ತು. ಬಾಂಡ್ಲಿ ಬಂತು, ಹೋಯಿತು. ಬಂತು, ಹೋಯಿತು. ಹಿಡಿ ಇಲ್ಲ, ಹ್ಞೂ ಇಲ್ಲ. ಬರೀ ಕೈ. ಬೆವರು ಕಣ್ಣಿಗಿಳಿಯಿತು. ಒಂದು ಸಲ ಚಿಕ್ಕಸೊಸೆ ಕೊಟ್ಟೆ ಅಂದುಕೊಂಡಳು. ದೊಡ್ಡಸೊಸೆ ಇನ್ನೂ ತಗೊಂಡಿರಲಿಲ್ಲ.

ತುಂಬಿದ ಬಾಂಡ್ಲಿ. ಅಂಚು ಕೆಳಗಾಗಿ ಬಿತ್ತು. ಬರಿಗಾಲಿನ ಮೇಲೆ.

ಹೆಬ್ಬೆರಳು ಜಜ್ಜಿಹೋಯಿತು. ಉಗುರು ಎದ್ದು ಬಂತು. ಹಸಿ ಕಾಂಕ್ರೀಟು ಗಾಯದೊಳಗೆ ಹೋಯಿತು, ಸಿಮೆಂಟು ಸುಡುತ್ತದೆ. ದೊಡ್ಡಸೊಸೆ ಕೂತಳು. ಕಿರುಚಲಿಲ್ಲ. ಸೆರಗನ್ನು ಬಾಯಿಗೆ ತುಂಬಿಕೊಂಡಳು. ಕಿರುಚಿದರೆ ಚಿಕ್ಕವಳು ಮಾತಾಡಿಸುತ್ತಾಳೆ. ಮಾತಾಡಿಸಿದರೆ ಸಿಲಿಂಡರ್ ಹೋಗುತ್ತದೆ.

"ಬಾಯಿ ಸತ್ತಿತ್ತೇನ್ರೇ ನಿಮ್ಮದು? ಹಿಡಿ ಅನ್ನೋಕೆ ಏನು ರೋಗ?" ಎಂದು ಮೇಸ್ತ್ರಿ ಮೇಲಿನಿಂದ ಕೂಗಿದ.

ಚಿಕ್ಕಸೊಸೆ ಆ ಕಾಲನ್ನು ನೋಡಿದಳು. ಸೆರಗು ತುಂಬಿದ ಆ ಬಾಯಿಯನ್ನು ನೋಡಿದಳು.

"ಅಕ್ಕಾ," ಎಂದಳು.

ದೊಡ್ಡಸೊಸೆ ಬೇಡ ಬೇಡ ಎಂದು ತಲೆಯಾಡಿಸಿದಳು.

"ಅಕ್ಕಾ, ಅಳೇ. ಬಾಯಿ ಬಿಟ್ಟು ಅಳು. ಆ ಸಿಲಿಂಡರ್ ಮನೆ ಹಾಳಾಗಲಿ."

ಆಮೇಲೆ ದೊಡ್ಡಸೊಸೆ ಕಿರುಚಿದಳು. ಎಷ್ಟು ದಿನದ್ದಿತ್ತೋ, ಎಲ್ಲ ಬಂತು.

ಚಿಕ್ಕಸೊಸೆ ಅವಳನ್ನು ಬೆನ್ನ ಮೇಲೆ ಹಾಕಿಕೊಂಡು, ಡ್ರೆಸ್ಸಿಂಗ್ ಮಾಡಿಸಿಕೊಂಡು, ಬೀದಿಯುದ್ದಕ್ಕೂ ಮಾತಾಡಿಸುತ್ತಾ ಬಂದಳು. ಕೇಳುವವರಿಗೆಲ್ಲ ಕೇಳಲಿ ಎಂದು ಕೂಗಿ ಮಾತಾಡಿಸಿದಳು. ಏನು ಮಾತು ಎಂದರೆ ಏನೂ ಇಲ್ಲ. ಅಲ್ಲಿ ನೋಡು ನಾಯಿ, ಇಲ್ಲಿ ನೋಡು ಸೈಕಲ್ಲು, ನೀನು ಎಷ್ಟು ಭಾರ ಇದೀಯೇ ಅಕ್ಕಾ, ಉಪ್ಪಿನ ಬೇಳೆ ಎಲ್ಲಾ ನೀನೇ ತಿಂದ್ಯಾ. ಮನೆಗೆ ಬಂದು ಅವಳನ್ನು ಕೂರಿಸಿ, ಒಳಗೆ ಹೋಗಿ, ಎರಡನೇ ಒಲೆಗೆ ಒದ್ದಳು. ಒಲೆಗೆ ಕಾಲು ತಾಗಿಸಬಾರದು ಎಂದು ಅವಳ ಅಮ್ಮ ಹೇಳಿಕೊಟ್ಟಿದ್ದಳು. ಎರಡು ಸಲ ಒದ್ದಳು. ಸಿಮೆಂಟ್ ಚೀಲ ಕಿತ್ತು ಮಡಿಸಿ ದೊಡ್ಡಸೊಸೆಯ ಕಾಲಿನ ಕೆಳಗೆ ಇಟ್ಟಳು.

ಅತ್ತೆ ಎಲ್ಲವನ್ನೂ ನೋಡಿದಳು. "ಇಟ್ಟಿಗೆ ಆಚೆ ಹಾಕು, ಕಾಲಿಗೆ ಎಡವುತ್ತೆ," ಎಂದಳು ಅಷ್ಟೇ.

ಗಡುವಿಗೆ ಇನ್ನೂ ದಿನವಿರುವಾಗಲೇ ಸಾಹೇಬರು ಓಡೋಡಿ ಬಂದರು. ಮುಚ್ಚಳದ ಕಡೆ ನೋಡಲೂ ಇಲ್ಲ. ನಮಸ್ಕಾರ ಎಂದರು. ನಾವೆಲ್ಲ ಗಾಬರಿಯಾಗಿ ಬಾಗಿಲಿಗೆ ಬಂದೆವು.

ವಿಷಯ ಹೀಗಿತ್ತು. ಮಾರನೆಯ ದಿನ ದೊಡ್ಡವರೊಬ್ಬರು ಬಂದು ವೇದಿಕೆಯ ಮೇಲೆ ಸಿಲಿಂಡರ್ ಹಂಚುತ್ತಾರೆ. ಇಷ್ಟು ಎಂದು ಗುರಿ ಇದೆ. ಸಾಹೇಬರು ಊರೆಲ್ಲ ಸುತ್ತಿ, ಎಲ್ಲರ ಬೇಳೆ ನೆಕ್ಕಿ, ಇವರು ಬಡವರಲ್ಲ, ಅವರು ಬೇರೆಯಲ್ಲ ಎಂದು ಅರ್ಜಿಗಳನ್ನು ಎಷ್ಟು ಶುದ್ಧವಾಗಿ ಸೋಸಿದ್ದರೆಂದರೆ ಜರಡಿಯಲ್ಲಿ ಏನೂ ಉಳಿದಿರಲಿಲ್ಲ. ಸಿಲಿಂಡರ್ ಇದೆ, ತಗೊಳ್ಳುವ ಬಡವರು ಸಾಲದು.

"ತಾಯಿ, ನಾಳೆ ನೀನು ವೇದಿಕೆಗೆ ಬಂದುಬಿಡು," ಎಂದರು ಚಿಕ್ಕಸೊಸೆಗೆ. "ಎರಡನೇ ಸಿಲಿಂಡರ್ ನಿನ್ನದೇ. ಜಗಳ ಬೇಡ. ಒಲೆ ನಾನು ನೋಡಲ್ಲ, ಮಾತಾಡಿದ್ರಾ ಅಂತ ಕೇಳಲ್ಲ. ಇಲ್ಲೊಂದು ಹೆಬ್ಬೆಟ್ಟು ಹಾಕು, ಮುಗೀತು."

"ಏನು ಬರೆದಿದೆ ಇದರಲ್ಲಿ?"

ಸಾಹೇಬರು ಗಂಟಲು ಸರಿಮಾಡಿಕೊಂಡು ಓದಿದರು. "ಈ ಮನೆಯವರಿಗೂ ನನಗೂ ಅನ್ನ, ಮಾತು, ಸಂಬಂಧ ಯಾವುದೂ ಇರುವುದಿಲ್ಲ. ಮುಂದೆಯೂ ಇರುವುದಿಲ್ಲ."

ಬೇಕಾಗಿದ್ದದ್ದು ಅಷ್ಟೇ. ಒಂದು ಹೆಬ್ಬೆಟ್ಟು. ಆಮೇಲೆ ತಿಂಗಳು ಪೂರ್ತಿ ನೀಲಿ ಬೆಂಕಿ, ಹೊಗೆ ಇಲ್ಲ, ಅತ್ತೆಯ ಎದೆ ತಣ್ಣಗೆ. ಚಿಕ್ಕಸೊಸೆ ಆ ಹಾಳೆಯನ್ನು ನೋಡುತ್ತಿದ್ದಳು. ನಾವು ಅವಳನ್ನು ನೋಡುತ್ತಿದ್ದೆವು. ಹಾಕಿದ್ದರೆ ನಮ್ಮಲ್ಲಿ ಯಾರೂ ತಪ್ಪು ಅನ್ನುತ್ತಿರಲಿಲ್ಲ. ನಲ್ಲಿಯಕ್ಕ ಅಂತೂ ಹಾಕೇ ಹಾಕೇ ಎಂದು ಕಣ್ಣಲ್ಲೇ ಒತ್ತುತ್ತಿದ್ದಳು.

"ಹಾಕಲ್ಲ," ಎಂದಳು ಚಿಕ್ಕಸೊಸೆ.

"ಯಾಕಮ್ಮ? ಬರೀ ಕಾಗದ."

"ಬರೀ ಕಾಗದ ಆದ್ರೆ ನೀವೇ ಹಾಕ್ಕೊಳ್ಳಿ."

"ನಾನು ಸುಳ್ಳು ಬರೆಯಲ್ಲಮ್ಮ," ಎಂದರು ಸಾಹೇಬರು. ಅದು ನಿಜ. ಅವರು ಪ್ರಾಮಾಣಿಕರು. ತಾವು ಸುಳ್ಳು ಹೇಳುವುದಿಲ್ಲ, ಬೇರೆಯವರು ಹೇಳಬೇಕು.

"ನಾವು ಬೇರೆ ಆದ್ರೆ ಎರಡು ಕೊಡ್ತೀರಿ. ಕೂಡಿ ಉಂಡ್ರೆ ಒಂದು. ಬಾಯಿ ಅಷ್ಟೇ ಇದೆ ಸಾಹೇಬ್ರೇ, ಎಂಟು. ಕೂಡಿದ್ದಕ್ಕೆ ನಮಗೆ ಹೊಗೆನಾ? ಇರೋದನ್ನ ಬರೀರಿ. ಒಂದು ಮನೆ, ಒಂದು ಒಲೆ, ಎಂಟು ಬಾಯಿ, ಒಂದು ಸಿಲಿಂಡರ್ ಸಾಲಲ್ಲ."

"ಸಾಲಲ್ಲ ಅಂತ ಬರೆಯೋಕೆ ಅದರಲ್ಲಿ ಜಾಗ ಇಲ್ಲ. ಬೇರೆ ಆದವರು, ಬಿಟ್ಟುಹೋದವರು, ಸತ್ತವರು, ಅಷ್ಟೇ ಇರೋದು."

"ಹಾಗಾದ್ರೆ ನಾವು ಸಾಯೋತನಕ ಕಾಯಿರಿ," ಎಂದು ಅವಳು ಕೊಡ ತಗೊಂಡು ನೀರಿಗೆ ಹೋದಳು.

ಸಾಹೇಬರು ಹೋಗುವಂತಿರಲಿಲ್ಲ. ಹೋದರೆ ಒಂದು ಸಿಲಿಂಡರ್ ವೇದಿಕೆಯ ಮೇಲೆ ಅನಾಥವಾಗಿ ನಿಲ್ಲುತ್ತದೆ. ಅವರು ಹೊಸ್ತಿಲಲ್ಲಿ ಕೂತರು. ದೊಡ್ಡಸೊಸೆ ಕಾಲು ಚಾಚಿ ಮಲಗಿದ್ದಳು. ಅಡಿಗೆಯ ಹೊತ್ತಾಯಿತು. ಸಿಲಿಂಡರ್ ಖಾಲಿಯಾಗಿ ವಾರವಾಗಿತ್ತು. ಅತ್ತೆ ಒಲೆಯ ಮುಂದೆ ಕೂತು ಹಲಗೆ ತುರುಕಿ ಊದಿದಳು. ಎರಡು ಸಲ ಊದಿ, ಕೆಮ್ಮು ಹತ್ತಿ, ಗೋಡೆ ಹಿಡಿದುಕೊಂಡಳು.

"ಸುಮ್ಮನೆ ಕೂತಿದೀಯಲ್ಲ ಮಗ," ಎಂದಳು ಉಸಿರು ಬಂದ ಮೇಲೆ. "ಬಂದು ಇದನ್ನ ಊದು. ಮಕ್ಕಳು ಉಣ್ಣಬೇಕು."

ಸಾಹೇಬರು ಹಿಂದೆ ನೋಡಿದರು. ಮಗ ಎಂದದ್ದು ತಮ್ಮನ್ನೇ. ಬಾಗಿಲ ತುಂಬ ನಾವಿದ್ದೆವು. ನಾವು ದಾರಿ ಬಿಡಲಿಲ್ಲ. ಪ್ಯಾಂಟು ಎಳೆದುಕೊಂಡು ಒಲೆಯ ಮುಂದೆ ಕೂತರು. ಊದಿದರು. ಬೂದಿ ಮುಖಕ್ಕೆ ಹಾರಿತು. ಇನ್ನೊಮ್ಮೆ ಊದಿದರು. ಎಷ್ಟೋ ಮನೆಯ ಒಲೆ ನೋಡಿದ್ದವರು, ಒಲೆಯೂ ತಮ್ಮನ್ನು ನೋಡಬಹುದು ಎಂದು ಅಂದುಕೊಂಡಿರಲಿಲ್ಲ. ಸುಟ್ಟ ಎಣ್ಣೆಯ ಹೊಗೆ ಮೂಗಿನಲ್ಲಿ ಹೋಗಿ ಕಣ್ಣಿನಲ್ಲಿ ಬಂತು.

"ಹತ್ತಲ್ಲ ಅಮ್ಮ ಇದು."

"ಹತ್ತುತ್ತೆ. ಒಂದು ಕಾಗದ ಇದ್ರೆ ಹತ್ತುತ್ತೆ. ಇದೆಯಾ?"

ಸಾಹೇಬರ ಕೈಯಲ್ಲಿ ಕಾಗದವಿತ್ತು. ಅದನ್ನು ನೋಡಿದರು. ಅನ್ನ, ಮಾತು, ಸಂಬಂಧ. ನಾಳೆಗೆ ಅದರಿಂದ ಏನೂ ಉಪಯೋಗವಿಲ್ಲ ಎಂದು ಆ ಹೊತ್ತಿಗೆ ಅವರಿಗೂ ಗೊತ್ತಾಗಿರಬೇಕು. ಕಣ್ಣು ಮುಚ್ಚಿ ಕೊಟ್ಟುಬಿಟ್ಟರು. ಅತ್ತೆ ಸುರುಳಿ ಸುತ್ತಿ ಹಲಗೆಯ ಸಂದಿಗೆ ಇಟ್ಟಳು. ಹತ್ತಿತು.

ಚಿಕ್ಕಸೊಸೆ ನೀರು ತಂದಳು. ಸಾಹೇಬರ ಫೋನು ಹೊಡೆದುಕೊಂಡಿತು. ಮೇಲಿನವರು. ಕೈಗೆ ಮಸಿ ಹತ್ತಿದ್ದರಿಂದ ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟರು.

"ಎಲ್ರೀ ಇದೀರಿ? ಆ ಕೊನೇದು ಆಯ್ತಾ? ಬೇರೆ ಆದ್ರಾ ಅವರು?"

ಸಾಹೇಬರು ಕೆಮ್ಮಿದರು.

"ಯಾಕ್ರೀ ಕೆಮ್ತಾ ಇದೀರಿ?"

"ಒಲೆ ಊದ್ತಾ ಇದೀನಿ ಸರ್."

"ಏನು?"

"ಒಲೆ ಸರ್."

"ಯಾರ ಒಲೆ ರೀ?"

ಸಾಹೇಬರು ತಲೆ ಎತ್ತಿದರು. ಕನ್ನಡಕ ಪೂರಾ ಕಪ್ಪು. ಮಲಗಿದ್ದವಳ ಕಡೆ, ಕೊಡ ಇಳಿಸುತ್ತಿದ್ದವಳ ಕಡೆ, ಗೋಡೆಗೊರಗಿದ ಅತ್ತೆಯ ಕಡೆ ಅಂದಾಜಿನಲ್ಲಿ ನೋಡಿದರು.

"ಎಲ್ಲರದೂ ಸರ್," ಎಂದರು. "ಒಂದೇ ಒಲೆ." ಮತ್ತೆ ಕೆಮ್ಮು ಬಂತು. ಮುಗಿಯುವವರೆಗೆ ಮೇಲಿನವರು ಕಾಯಬೇಕಾಯಿತು. "ಒಂದು ಸಿಲಿಂಡರ್ ಇವರಿಗೆ ಸಾಲಲ್ಲ ಸರ್. ಬೇರೆ ಆಗ್ದೆ ಇದ್ರೂ ಇನ್ನೊಂದು ಕೊಡಬೇಕು."

ಫೋನು, "ಹಾಗಂತ ಬರೆದು ಕಳಿಸಿ. ನೋಡೋಣ," ಅಂದಿತು.

"ನೋಡೋಣ ಅಂದ್ರೆ ಇಲ್ಲ ಅಂತ," ಎಂದಳು ಚಿಕ್ಕಸೊಸೆ, ಫೋನಿಗೆ ಕೇಳುವ ಹಾಗೆ. "ಬಂದು ನೋಡೋಕೆ ಹೇಳಿ. ನಾಳೆ ಆ ವೇದಿಕೆಗೆ ನಾವು ಬರಲ್ಲ. ಅವರೇ ಇಲ್ಲಿಗೆ ಬರಲಿ. ಸಿಲಿಂಡರ್ ತಗೊಂಡೇ ಬರಲಿ, ಹೆಬ್ಬೆಟ್ಟು ಇಲ್ದೆ."

"ಯಾರ್ರೀ ಅದು ಮಾತಾಡ್ತಿರೋದು?"

ಬೆಂಕಿ ಕುಗ್ಗುತ್ತಿತ್ತು, ಸಾಹೇಬರು ಬಗ್ಗಿ ಊದುತ್ತಿದ್ದರು.

"ಬರ್ತಾರಂತಾ?" ಎಂದು ಕೇಳಿದಳು ಅತ್ತೆ.

"ಗೊತ್ತಿಲ್ಲ ಅಮ್ಮ."

"ಬಂದ್ರೆ ಒಳ್ಳೇದೇ. ಬರೋವಾಗ ಒಂದು ಹೊರೆ ಒಣ ಸೌದೆ ತರೋಕೆ ಹೇಳು. ಬರೋತನಕ ನೀನೇ ಊದ್ತಾ ಇರು."